ಬೇಡವೆಂದ ಹಗ್ಗ

ಮಗ ಮಾಲ್ತೆ ತೀರಿಕೊಂಡ ಮೇಲೆ ಬೋದಿಲ್ ತಾವು ಬಾಳಿದ ಊರಿನ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಗಂಡ ಎಯ್ನಾರನನ್ನು ಬಿಟ್ಟು, ಡೆನ್ಮಾರ್ಕಿನ ಪಶ್ಚಿಮದ ತುದಿಯ ಲೆಮ್ವಿಗ್ ಸೇರಿ, ಅಲ್ಲಿನ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಹಿಡಿದಿದ್ದಳು. ಹಳೆಯ ನಂಟಿನಲ್ಲಿ ಉಳಿದವಳೆಂದರೆ ಎಯ್ನಾರನ ತಂಗಿ ಅಗ್ನೆತೆ ಒಬ್ಬಳೇ. ಕ್ರಿಸ್ಮಸ್ಸಿಗೊಮ್ಮೆ, ಮಾಲ್ತೆಯ ಹುಟ್ಟುಹಬ್ಬಕ್ಕೊಮ್ಮೆ ತಪ್ಪದೆ ಫೋನು ಮಾಡುತ್ತಿದ್ದಳು. ಅಣ್ಣನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಆ ವರ್ಷ ಬೇಸಿಗೆಯ ಮೊದಲಲ್ಲಿ ಅಗ್ನೆತೆ ಹಬ್ಬ ಹುಟ್ಟುಹಬ್ಬ ಯಾವುದೂ ಇಲ್ಲದೆ ಫೋನು ಮಾಡಿದಳು. ಮಾಲ್ತೆ ಹೋಗಿದ್ದ ಹಡಗನ್ನು ನೀರಿನಿಂದ ಎತ್ತಿದ್ದಾರೆ, ಇನ್ನು ಅದು ಕಡಲಿಗೆ ಇಳಿಯುವುದಿಲ್ಲ, ಮ್ಯೂಸಿಯಮ್ಮಿನ ಹೊಸ ಹಜಾರದಲ್ಲಿ ಇಟ್ಟಿದ್ದಾರೆ, ಬಂದು ನೋಡು ಎಂದಳು. ನನ್ನ ಮಗನನ್ನು ತಿಂದ ಮರವನ್ನು ನಾನೇಕೆ ನೋಡಲಿ ಎಂದಳು ಬೋದಿಲ್.

"ದ್ವೇಷ ಮಾಡೋದಾದ್ರೂ ಕಣ್ಣಾರೆ ನೋಡಿ ಮಾಡು," ಅಂದಳು ಅಗ್ನೆತೆ. "ಅಷ್ಟು ದೂರದಲ್ಲಿ ಕೂತು ಎಷ್ಟು ದಿನ ಅಂತ ಮಾಡ್ತೀಯಾ?"

ಬೋದಿಲ್‌ಗೆ ಸಿಟ್ಟು ಬಂತು. ಆದರೂ ಶನಿವಾರದ ರೈಲಿಗೆ ಟಿಕೆಟ್ಟು ತೆಗೆದಳು.

ಅಗ್ನೆತೆ ನಿಲ್ದಾಣಕ್ಕೇ ಬಂದು ಕರೆದೊಯ್ದಳು. ಹೊಸ ಹಜಾರವೊಂದನ್ನು ಬಿಟ್ಟರೆ ಹಿನ್ನೀರಿನ ದಂಡೆಯ ಆ ಮ್ಯೂಸಿಯಂ ಬದಲಾಗಿರಲಿಲ್ಲ. ಮೊದಲ ಹಜಾರದಲ್ಲಿ ಅದೇ ಹಳೆಯ ಮೂರು ಹಡಗುಗಳು. ಸಾವಿರ ವರ್ಷದ ಹಿಂದೆ ಶತ್ರುಗಳು ಒಳಗೆ ನುಗ್ಗದಿರಲೆಂದು ಊರವರೇ ಕಲ್ಲು ತುಂಬಿ ಮುಳುಗಿಸಿದ್ದವು. ಕೆಸರಿನಿಂದ ಚೂರು ಚೂರಾಗಿ ಎತ್ತಿ, ಕಬ್ಬಿಣದ ಚೌಕಟ್ಟಿಗೆ ಜೋಡಿಸಿದ ಕರಿಯ ಹಲಗೆಗಳು, ಮಾಂಸ ಕಳಚಿದ ದನದ ಪಕ್ಕೆಲುಬಿನ ಹಾಗೆ ನಿಂತಿದ್ದವು. ಒಣಗಿ ಬಿರಿಯಬಾರದೆಂದು ಆ ಮರಕ್ಕೆ ವರ್ಷಗಟ್ಟಲೆ ಮೇಣ ಕುಡಿಸಿದ್ದರಂತೆ. ಈಗಲೂ ಹಜಾರದ ತೇವವನ್ನು ಹಗಲಿರುಳು ಅಳೆಯುತ್ತಾರಂತೆ. ಪಕ್ಕದಲ್ಲಿ ಯಾರೋ ಫಲಕ ನೋಡಿ ಅದನ್ನು ಹೆಂಡತಿಗೆ ಓದಿ ಹೇಳುತ್ತಿದ್ದರು. ಸತ್ತ ಮರಕ್ಕೆ ಎಷ್ಟೊಂದು ಬಾಣಂತನ ಎಂದುಕೊಂಡು ಬೋದಿಲ್ ಮುಂದೆ ನಡೆದಳು.

ಈ ಮೂರರಲ್ಲಿ ಉದ್ದನೆಯದನ್ನು ನೋಡಿ, ಅದೇ ಅಳತೆಗೆ, ಕೊಡಲಿಯಲ್ಲೇ ಓಕ್ ಮರ ಸೀಳಿ ಹೊಸ ಹಡಗು ಕಟ್ಟಿಸಿದವನು ಎಯ್ನಾರ್. ಅವನಿಗೆ ಅದು ಹಡಗಲ್ಲ, ಹುಚ್ಚು. ಮಾಲ್ತೆ ನಡೆಯಲು ಕಲಿತದ್ದೇ ಅದನ್ನು ಕಟ್ಟುತ್ತಿದ್ದ ದಕ್ಕೆಯ ಮರದ ಸೀಳುಗಳ ನಡುವೆ. ಮನೆಗೆ ಬಂದರೆ ಅಪ್ಪ ಮಗ ಇಬ್ಬರ ಮೈಯಲ್ಲೂ ಡಾಂಬರಿನ ವಾಸನೆ. ಊಟದ ಮೇಜಿನಲ್ಲಿ ಅವರ ಮಾತೆಲ್ಲ ಹಾಯಿ, ಹುಟ್ಟು, ಗಾಳಿ. ಬೋದಿಲ್ ಉಪ್ಪಿನ ಪಾತ್ರೆ ಕೇಳಿದರೂ ಎರಡು ಸಲ ಕೇಳಬೇಕಾಗುತ್ತಿತ್ತು.

ಹಡಗು ಸ್ಕಾಟ್ಲೆಂಡಿನ ಆಚೆಯ ದ್ವೀಪಗಳಿಗೆ ಹೊರಟಾಗ ಮಾಲ್ತೆಗೆ ಇಪ್ಪತ್ತೆರಡು ವರ್ಷ. ಎಯ್ನಾರನೇ ನಾಯಕ. ಅಪಾಯಕ್ಕೆ ಇರಲಿ ಎಂದು ಹಿಂದೆಯೇ ಒಂದು ಮೋಟಾರು ದೋಣಿ ಹೋಗುತ್ತಿತ್ತು. ನಡುಗಡಲಿನಲ್ಲಿ ಬಿರುಗಾಳಿ ಎದ್ದಿತು. ಹಡಗಿನ ಬದಿಗೆ ಚುಕ್ಕಾಣಿಯನ್ನು ಕಟ್ಟಿದ್ದ ಹಗ್ಗ ಕಿತ್ತುಹೋಯಿತು. ಮೋಟಾರು ದೋಣಿಯವರು ರೇಡಿಯೋದಲ್ಲಿ ಕೂಗಿ, ಎಳೆಯುವ ಹಗ್ಗ ಎಸೆಯುತ್ತೇವೆ, ಹಿಡಿದುಕೊಳ್ಳಿ ಎಂದರು. ಹಡಗಿನಿಂದ ಬೇಡವೆಂಬ ಉತ್ತರ ಹೋಯಿತು. ಮೋಟಾರಿಗೆ ಕಟ್ಟಿ ಎಳೆಸಿಕೊಂಡರೆ ಯಾನ ಕೆಟ್ಟ ಹಾಗೆ, ಹಳಬರಂತೆ ಹಾಯಿಯಲ್ಲೇ ಹೋದೆವು ಎನ್ನುವ ಹಾಗಿರಲಿಲ್ಲ. ಚುಕ್ಕಾಣಿ ಕಟ್ಟಲು ಹಡಗಿನ ಅಂಚಿಗೆ ಬಗ್ಗಿದ ಮಾಲ್ತೆಯನ್ನು ಅಲೆ ಎತ್ತಿಕೊಂಡು ಹೋಯಿತು. ಕೆಲವು ವಾರದ ಮೇಲೆ ಮೀನುಗಾರರ ಬಲೆಗೆ ಸಿಕ್ಕ. ವಿಚಾರಣೆಯಲ್ಲಿ ಯಾರದೂ ತಪ್ಪಿಲ್ಲ ಎಂದಾಯಿತು. ಮರುಬೇಸಿಗೆ ಬೇರೆ ನಾಯಕನನ್ನು ಕರೆತಂದು ಯಾನವನ್ನು ಪೂರೈಸಿ, ಬಂದರಿನಲ್ಲಿ ಬ್ಯಾಂಡು ಬಾರಿಸಿದರು.

ಬೇಡ ಎಂದವನು ಎಯ್ನಾರ್ ಎಂದು ಬೋದಿಲ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ನಾಯಕನಲ್ಲದೆ ಇನ್ನಾರು ಹೇಳುತ್ತಾರೆ? ಕೇಳಿದಾಗ ಅವನೂ ಅಲ್ಲವೆನ್ನಲಿಲ್ಲ.

ಹೊಸ ಹಜಾರದಲ್ಲಿ ಹಡಗು ಹಾಯಿ ಬಿಚ್ಚಿಕೊಂಡು ನಿಂತಿತ್ತು. ಹಿಂದಿನ ಗೋಡೆಯ ತುಂಬ ಯಾನದ ಚಲನಚಿತ್ರ ಓಡುತ್ತಿತ್ತು. ಬೋದಿಲ್ ತಲೆ ಎತ್ತುವ ಹೊತ್ತಿಗೆ ಸರಿಯಾಗಿ ಅದರಲ್ಲಿ ಮಾಲ್ತೆ ಕಾಣಿಸಿಕೊಂಡ. ಹುಟ್ಟು ಹಾಕುತ್ತಾ, ಬಾಯಿತುಂಬ ಬ್ರೆಡ್ಡು ತುರುಕಿಕೊಂಡು, ಕ್ಯಾಮೆರಾ ಹಿಡಿದವನಿಗೆ ಏನೋ ಬೈದು ನಗುತ್ತಿದ್ದ. ನೋಡುತ್ತಿದ್ದವರೂ ನಕ್ಕರು. ಕೆಳಗೆ ಹೆಸರಿರಲಿಲ್ಲ, "ಹಡಗಿನಲ್ಲಿ ಊಟದ ಸಮಯ" ಎಂದಷ್ಟೇ ಬರೆದಿತ್ತು. ಅಗ್ನೆತೆ ಅವಳ ತೋಳು ಹಿಡಿದುಕೊಂಡಳು.

ಆಗ ಶಾಲೆಯ ಮಕ್ಕಳ ಗುಂಪೊಂದು ಒಳಗೆ ಬಂತು. ಅವರ ಮುಂದೆ ಹಳೆಯ ಕಾಲದವರಂತೆ ಒರಟು ಉಣ್ಣೆಯ ಅಂಗಿ ತೊಟ್ಟ ಮುದುಕ. ಅವನು ಎಯ್ನಾರ್ ಎಂದು ತಿಳಿಯಲು ಬೋದಿಲ್‌ಗೆ ಸ್ವಲ್ಪ ಹೊತ್ತು ಬೇಕಾಯಿತು. ಕುತ್ತಿಗೆ ಕೋಳಿಕತ್ತಿನಂತೆ ಒಣಗಿತ್ತು. ಇಲ್ಲಿ ಬಂದವರಿಗೆ ಹಡಗು ತೋರಿಸುವ ಕೆಲಸ ಮಾಡುತ್ತಾನೆಂದು ಅಗ್ನೆತೆ ಬಾಯಿ ಬಿಟ್ಟಿರಲಿಲ್ಲ.

ಅವನು ಹಾಯಿಯ ಉಣ್ಣೆಯ ಬಗ್ಗೆ ಹೇಳಿದ, ತಿಂದ ಒಣಮೀನಿನ ಬಗ್ಗೆ ಹೇಳಿದ. ಜಡೆ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಕೈ ಎತ್ತಿ, ಯಾರಾದರೂ ಸತ್ತರಾ ಎಂದು ಕೇಳಿದಳು.

"ಇಲ್ಲಮ್ಮ," ಅಂದ ಎಯ್ನಾರ್. "ನಮ್ಮ ಅಡುಗೆಯವನ ಸಾರು ಉಂಡೂ ಬದುಕಿದೋರು ನಾವು. ಇನ್ನು ಕಡಲು ಏನು ಮಾಡೀತು?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಎಷ್ಟೋ ಸಲ ಹೇಳಿ ನುಣುಪಾದ ಮಾತು ಅದು. ನಗು ಮುಗಿಯುವವರೆಗೆ ಎಲ್ಲಿ ನಿಲ್ಲಬೇಕೆಂಬುದೂ ಅವನಿಗೆ ರೂಢಿಯಾಗಿತ್ತು. ಹಾಗೆ ನಿಂತಾಗಲೇ ಅವನ ಕಣ್ಣು ಬೋದಿಲ್ ಮೇಲೆ ಬಿತ್ತು.

ಮಕ್ಕಳನ್ನು ಕಳಿಸಿ ಅವನು, ಬೋದಿಲ್ ಅಗ್ನೆತೆ ಕೂತಿದ್ದ ಕೆಳಗಿನ ಕಾಫಿ ಕೋಣೆಗೆ ಬಂದ. ಅಗ್ನೆತೆ ಕಾಫಿ ತರುವ ನೆಪದಲ್ಲಿ ಎದ್ದು ಹೋದಳು. ಅವನು ಎದುರು ಕೂತು, ರೈಲು ಪ್ರಯಾಣ ಹೇಗಾಯಿತು ಎಂದ. ಆ ಹುಡುಗಿಗೆ ನೀನು ಹೇಳಿದ್ದೇನು ಎಂದಳು ಬೋದಿಲ್.

"ದಿನಾ ಕೇಳ್ತಾರೆ," ಅಂದ ಅವನು. "ಬಂದ ಮಕ್ಕಳೆಲ್ಲ ಕೇಳೋದು ಅದನ್ನೇ. ಹೌದು ಅಂದ್ರೆ ದಿನಾ ಅವನನ್ನ ಮುಳುಗಿಸಬೇಕು ನಾನು."

"ಅದಕ್ಕೆ ಅವನು ಹುಟ್ಟಿರಲೇ ಇಲ್ಲ ಅನ್ನೋ ಹಾಗೆ ಮಾಡಿಬಿಟ್ಟೆ."

"ಮೇಲೆ ಆ ಚಿತ್ರ ಓಡುತ್ತಲ್ಲ, ಅದಕ್ಕೋಸ್ಕರ ಇಲ್ಲಿದ್ದೀನಿ. ಬೇರೆ ಎಲ್ಲಿ ಅವನು ನಗ್ತಾನೆ ಹೇಳು?"

ಬೋದಿಲ್ ಕರಗಲಿಲ್ಲ. ಇಷ್ಟು ವರ್ಷ ಪಾತ್ರೆ ತಿಕ್ಕುತ್ತಾ, ಬಟಾಟೆ ಸುಲಿಯುತ್ತಾ ಮನಸ್ಸಿನಲ್ಲೇ ಆಡಿ ಆಡಿ ಸವೆಸಿದ ಮಾತನ್ನು ಆಡಿಯೇಬಿಟ್ಟಳು. ಎಸೆಯುತ್ತೇವೆಂದ ಹಗ್ಗವನ್ನು ಹಿಡಿದಿದ್ದರೆ ಅವನು ಈ ಮೇಜಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ, ನಿನಗೆ ಮಗನಿಗಿಂತ ನಿನ್ನ ಯಾನ ಹೆಚ್ಚಾಯಿತು ಎಂದಳು.

ಎಯ್ನಾರ್ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ನೋಡಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

"ಹಗ್ಗ ಬೇಡ ಅಂದವನು ನಾನಲ್ಲ ಬೋದಿಲ್. ಅವನು. ನಾನು ಹಿಡ್ಕೊಳ್ಳೋಣ ಅಂದೆ. ಅವನು ರೇಡಿಯೋ ಕಿತ್ಕೊಂಡು ಬೇಡ ಅಂತ ಕೂಗಿದ. ಮುದುಕರಿಗೆ ಹೆದರಿಕೆ ಆಗಿದೆ ಅಂತ ಎಲ್ಲರ ಮುಂದೆ ನಕ್ಕ. ನಾನು ಸುಮ್ಮನಾದೆ."

 ಅವನಿಗೆ ಆಗ ಇಪ್ಪತ್ತೆರಡು, ನಿನಗೆ ಐವತ್ತೈದು ಎಂದಳು ಬೋದಿಲ್. ಅದು ನನಗೂ ಗೊತ್ತಿದೆ ಎಂದ ಎಯ್ನಾರ್. ಎದ್ದು ನಿಂತ. ಮೇಲೆ ಇನ್ನೊಂದು ಗುಂಪು ಕಾಯುತ್ತಿತ್ತು.

ಅಗ್ನೆತೆ ಬೇಡ ಬೇಡ ಎನ್ನುತ್ತಿದ್ದರೂ ಬೋದಿಲ್ ಹೋಗಿ ಆ ಗುಂಪಿನಲ್ಲಿ ನಿಂತಳು. ಈ ಸಲ ಮಕ್ಕಳಿರಲಿಲ್ಲ; ಪ್ರವಾಸಕ್ಕೆ ಬಂದಿದ್ದ ನಿವೃತ್ತರು, ಒಂದೆರಡು ದಂಪತಿಗಳು. ಎಯ್ನಾರ್ ಹಾಯಿಯ ಬಗ್ಗೆ ಹೇಳಿದ, ಒಣಮೀನಿನ ಬಗ್ಗೆ ಹೇಳಿದ. ಯಾರೂ ಆ ಪ್ರಶ್ನೆ ಕೇಳಲಿಲ್ಲ. ಆಗ ಅವಳೇ ಕೇಳಿದಳು.

"ಯಾನದಲ್ಲಿ ಯಾರಾದರೂ ಸತ್ತರಾ?"

ಅವನು ಅವಳನ್ನು ನೋಡಿದ. ಮುಖದಲ್ಲಿ ಬೇಡಿಕೊಳ್ಳುವ ಭಾವವೇನೂ ಇರಲಿಲ್ಲ, ಬರಿಯ ಆಯಾಸ.

"ಹೌದು," ಅಂದ. "ನನ್ನ ಮಗ. ಮಾಲ್ತೆ ಅಂತ. ಆ ಚಿತ್ರದಲ್ಲಿ ಬ್ರೆಡ್ಡು ತಿಂತಾ ನಗ್ತಿದ್ದಾನಲ್ಲ, ಅವನೇ."

 ಎಲ್ಲರೂ ಗೋಡೆಯ ಕಡೆ ತಿರುಗಿದರು. ಅಲ್ಲಿ ಆ ಹೊತ್ತಿಗೆ ಬರೀ ಅಲೆಗಳಿದ್ದವು. ಹೆಂಗಸೊಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ಇನ್ನೊಬ್ಬ ಫೋನು ಎತ್ತಿ ಎಯ್ನಾರನ ಫೋಟೋ ತೆಗೆದ. ಸ್ವಲ್ಪ ಹೊತ್ತು ಕಾದು, ನೀಲಿ ಟೋಪಿಯವನೊಬ್ಬ ಮರ್ಯಾದೆಯಿಂದಲೇ, ಹುಟ್ಟುಗಳನ್ನು ಯಾವ ಮರದಲ್ಲಿ ಮಾಡಿದ್ದೀರಿ ಎಂದು ಕೇಳಿದ. ಪೈನ್ ಮರ ಎಂದ ಎಯ್ನಾರ್. ಹಗುರ, ಬಾಗುತ್ತೆ, ಬೇಗ ಮುರಿಯೋದಿಲ್ಲ ಎಂದು ವಿವರಿಸುತ್ತಾ ಮುಂದಕ್ಕೆ ಹೊರಟ. ಗುಂಪು ಅವನ ಹಿಂದೆ ಹೋಯಿತು.

ಬೋದಿಲ್ ಅಲ್ಲೇ ಉಳಿದಳು. ಈ ಹಜಾರದಲ್ಲಿ ಮಗನ ಹೆಸರು ಒಮ್ಮೆ ಕೇಳಿಸಿದರೆ ಗೋಡೆಯೇ ಬಿರಿಯುತ್ತದೆ ಎಂದುಕೊಂಡಿದ್ದಳು. ಬಿರಿಯಲಿಲ್ಲ. ಉಣ್ಣೆಯ ಹಾಯಿ, ಒಣಮೀನು, ಸತ್ತ ಮಗ, ಪೈನ್ ಮರದ ಹುಟ್ಟು. ನೋಡಲು ಬಂದವರಿಗೆ ಅದೂ ಹಡಗಿನದೊಂದು ಸಂಗತಿ.

ನಿಲ್ದಾಣಕ್ಕೆ ಬಿಡುವಾಗ ಅಗ್ನೆತೆ, ಮನಸ್ಸು ಹಗುರಾಯಿತಾ ಎಂದು ಕೇಳಿದಳು. ಇಲ್ಲ ಎಂದಳು ಬೋದಿಲ್. ಅದಕ್ಕಿಂತ ಹೆಚ್ಚು ಹೇಳಹೋಗಿದ್ದರೆ ಅಗ್ನೆತೆಯ ಮೇಲೆ ಹರಿಹಾಯುತ್ತಿದ್ದಳು.

ರೈಲಿನಲ್ಲಿ ಅವಳಿಗೆ ಆದ ಸಂಗತಿ ಬೇರೆಯೇ. ಕಣ್ಣು ಮುಚ್ಚಿದರೆ ಎಯ್ನಾರ್ ಕಾಣಿಸಲಿಲ್ಲ. ಮಾಲ್ತೆ ರೇಡಿಯೋ ಕಿತ್ತುಕೊಳ್ಳುವುದು ಕಾಣಿಸಿತು. ಅವನು ಹಾಗೆ ಮಾಡುವವನೇ. ಐದನೆಯ ವಯಸ್ಸಿನಲ್ಲಿ ಕೈ ಹಿಡಿಯಲು ಹೋದರೆ ಕೊಡವಿಕೊಂಡು ಓಡಿದವನು. ಒಂದು ನಿಮಿಷ ತಾಯಿಯನ್ನು ನೆನೆದು ಆ ಹಗ್ಗ ಹಿಡಿಯಬಾರದಿತ್ತೇ ಎಂಬ ಸಿಟ್ಟು ಎದ್ದಿತು. ಸತ್ತ ಮಗನ ಮೇಲೆ ಅವಳಿಗೆ ಎಂದೂ ಬಂದಿರದ ಸಿಟ್ಟು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎಯ್ನಾರನನ್ನು ದ್ವೇಷಿಸುವುದೊಂದು ಆಸರೆಯಾಗಿತ್ತು. ಅದನ್ನೂ ಅವನು ಕಿತ್ತುಕೊಂಡಿದ್ದ.

ಮನೆ ತಲುಪಿ, ಕೋಟು ಕೂಡ ಬಿಚ್ಚದೆ ಅವನಿಗೆ ಫೋನು ಮಾಡಿದಳು. ಮೊದಲ ಸಲಕ್ಕೇ ಎತ್ತಿಕೊಂಡ.

"ನೀನು ಹೇಳಿದ್ದು ಸುಳ್ಳು ಅಲ್ವಾ?" ಅಂದಳು.

ಅತ್ತ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಸುಳ್ಳು ಅಂದ್ರೆ ನಿನಗೆ ಸಮಾಧಾನ ಆಗುತ್ತಾ? ಹಾಗಾದ್ರೆ ಸುಳ್ಳು ಅಂತಾನೇ ಇಟ್ಕೋ. ಇಷ್ಟು ವರ್ಷ ಬೇಡ ಅಂದವನು ನಾನೇ ಅಂತ ನಾನೂ ಇಟ್ಕೊಂಡಿದ್ದೆ. ಇವತ್ತು ತಡ್ಕೊಳ್ಳೋಕೆ ಆಗಲಿಲ್ಲ."

ಸುಳ್ಳಾಗಿದ್ದರೆ ಅವನು ನಿಜವೆಂದು ಆಣೆ ಹಾಕುತ್ತಿದ್ದ. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿ ಬಾಳಿದ ಅವಳಿಗೆ ಅಷ್ಟು ಗೊತ್ತಿತ್ತು.

"ಇವತ್ತೂ ತಡ್ಕೋಬೇಕಾಗಿತ್ತು ನೀನು," ಅಂದಳು ಬೋದಿಲ್.

"ಹೌದು," ಅಂದ ಎಯ್ನಾರ್.

ಅವಳು ಫೋನಿಟ್ಟಳು. ಆಮೇಲೆ ಅವನೂ ಮಾಡಲಿಲ್ಲ, ಇವಳೂ ಮಾಡಲಿಲ್ಲ. ಕ್ರಿಸ್ಮಸ್ಸಿನಲ್ಲಿ ಅಗ್ನೆತೆ ಫೋನು ಮಾಡಿ, ಅಣ್ಣ ಈಗ ಮ್ಯೂಸಿಯಮ್ಮಿಗೆ ಹೋಗುತ್ತಿಲ್ಲ, ಆ ಚಿತ್ರ ನೋಡಲು ಆಗುವುದಿಲ್ಲವಂತೆ, ದಿನವೆಲ್ಲ ಕಿಟಕಿಯ ಹತ್ತಿರ ಕೂತಿರುತ್ತಾನೆ ಎಂದು ಅತ್ತಳು. ಬೋದಿಲ್ ಕೇಳಿಸಿಕೊಂಡಳು. ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದು ಹೇಳಿ ಮಾತು ಮುಗಿಸಿದಳು. ಒಲೆಯ ಮೇಲೆ ಏನೂ ಇರಲಿಲ್ಲ.