ಮಣ್‌ಸೋರಿನ ಹರಕೆ

ಕೌನ್ಸಿಲರು ಜೈಲಿಗೆ ಹೋದರೆ ಬೀದಿಯವರು ಪಟಾಕಿ ಹೊಡೆದು ಕುಣಿಯುತ್ತಾರೆ ಅಂದುಕೊಂಡಿದ್ದ ಟೈಲರ್ ಮಾಡಸಾಮಿ. ಕರಿಸಲ್‌ಪಟ್ಟಿಯಲ್ಲಿ ಪಟಾಕಿಗೇನು ಬರ? ಬೀದಿಯ ಅರ್ಧ ಜನ ಪಟಾಕಿ ಸುತ್ತಿ, ಉಳಿದರ್ಧ ಬೆಂಕಿಪೊಟ್ಟಣ ತುಂಬಿ ಹೊಟ್ಟೆ ಹೊರೆಯುವವರು. ಆದರೂ ಒಂದು ಸರ ಸಿಡಿಯಲಿಲ್ಲ. ಮಾರನೆಯ ಬೆಳಿಗ್ಗೆ ಅವನು ಅಂಗಡಿ ಬಾಗಿಲು ತೆಗೆಯಲು ಹೋದರೆ ಹೊಸ್ತಿಲ ತುಂಬ ಯಾರೋ ಸಗಣಿ ನೀರು ಸುರಿದು ಹೋಗಿದ್ದರು. ನೀರಿಗೆ ಇಷ್ಟು ತತ್ವಾರವಿರುವ ಬೀದಿಯಲ್ಲಿ ಅವನ ಹೊಸ್ತಿಲಿಗೆ ಒಂದು ಕೊಡ ನೀರು ದಂಡ ಮಾಡಿದ್ದಾರೆಂದರೆ ಸಿಟ್ಟು ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ.

ಕೌನ್ಸಿಲರ್ ಚೆಲ್ಲಪಾಂಡಿ, ಬೀದಿಗೆಲ್ಲ ಅಣ್ಣನಾದ ಅಣ್ಣಾಚಿ, ಸಿಕ್ಕಿಬಿದ್ದದ್ದು ಮಾಡಸಾಮಿಯಿಂದಲೇ. ಮನೆಗೊಂದು ನಲ್ಲಿ ಹಾಕಿಸಿಕೊಡಿ ಎಂದು ಅವನು ಹೋಗಿದ್ದ. ಅಣ್ಣಾಚಿ ದುಡ್ಡು ಕೇಳಿದ. ಅದರಲ್ಲೇನೂ ಹೊಸದಿಲ್ಲ, ಎಲ್ಲರ ಹತ್ತಿರವೂ ಕೇಳುತ್ತಿದ್ದ, ಎಲ್ಲರೂ ಕೊಡುತ್ತಿದ್ದರು. ಮಾಡಸಾಮಿಯೂ ಕೊಡಲು ಸಿದ್ಧನಾಗಿಯೇ ಹೋಗಿದ್ದ. ಆದರೆ ಅಣ್ಣಾಚಿ ನಗುತ್ತಾ ಅವನ ಹೆಗಲ ಮೇಲೆ ಕೈಹಾಕಿ ಒಂದು ಮಾತು ಸೇರಿಸಿದ.

"ನಿಂಗೆ ಅರ್ಧ ಸಾಕು ತಂಬಿ. ನಿಮ್ಮಪ್ಪನ ಚಟ್ಟಕ್ಕೆ ಹೆಗಲು ಕೊಟ್ಟೋನು ನಾನು. ನಿನ್ನ ಹತ್ರ ಪೂರ್ತಿ ತಗೊಂಡ್ರೆ ಆ ದೊಡ್ಡ ಜೀವ ಮೆಚ್ಚುತ್ತಾ?"

ಹೆಗಲು ಕೊಟ್ಟದ್ದು ನಿಜ. ಕೊರೊನಾ ಕಾಲದಲ್ಲಿ ಅಪ್ಪ ತೀರಿಕೊಂಡಾಗ ನೆಂಟರು ಫೋನಿನಲ್ಲಿ ಅತ್ತರು, ನೆರೆಯವರು ಕಿಟಕಿ ಮುಚ್ಚಿದರು. ಹೆಣ ಅಂಗಳದಲ್ಲೇ ಬಿಸಿಲಿಗೆ ಬಿದ್ದಿತ್ತು. ಆಗ ಮೂಗಿಗೆ ಟವೆಲ್ ಕಟ್ಟಿಕೊಂಡು ಇಬ್ಬರು ಆಳುಗಳ ಜೊತೆ ಬಂದವನು ಚೆಲ್ಲಪಾಂಡಿಯೊಬ್ಬನೇ. ಚಟ್ಟದ ಮುಂದಿನ ಬಲಗಡೆಗೆ ತಾನೇ ನಿಂತು ಸುಡುಗಾಡಿನ ತನಕ ಹೊತ್ತ. ಮಾಡಸಾಮಿ ಆ ಋಣವನ್ನು ಒಂದು ದಿನವೂ ಮರೆತವನಲ್ಲ. ಆದರೆ ಅಪ್ಪನ ಹೆಣವನ್ನು ಹೀಗೆ ಲಂಚದಲ್ಲಿ ರಿಯಾಯಿತಿ ಕೊಡಲು ಬಳಸುತ್ತಾನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಪೂರ್ತಿ ಕೇಳಿದ್ದರೆ ಕೊಟ್ಟು ಸುಮ್ಮನಿರುತ್ತಿದ್ದ. ಅರ್ಧ ಕೇಳಿದ್ದಕ್ಕೆ ಮೈಯೆಲ್ಲ ಉರಿದುಹೋಯಿತು. ಬಸ್ಸು ಹತ್ತಿ ನೇರ ಲಂಚಕೋರರನ್ನು ಹಿಡಿಯುವ ಪೊಲೀಸರ ಹತ್ತಿರ ಹೋದ. ಅವರು ನೋಟಿಗೆ ಪುಡಿ ಸವರಿ ಕೊಟ್ಟರು. ಅಣ್ಣಾಚಿ ನೋಟು ಮುಟ್ಟಿದ, ಬಟ್ಟಲಿನ ನೀರಿನಲ್ಲಿ ಅವನ ಕೈ ಅದ್ದಿಸಿದರು, ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಅಣ್ಣಾಚಿ ಆ ನೀರನ್ನೂ ಮಾಡಸಾಮಿಯನ್ನೂ ಒಮ್ಮೆ ನೋಡಿದ. ಬೈಯಲಿಲ್ಲ. "ನೀನೇನಾ ತಂಬಿ?" ಅಂದ, ಅಷ್ಟೇ.

ಅಂದಿನಿಂದ ಬೀದಿಗೆ ನೀರಿನ ಲಾರಿ ಬಂದಿಲ್ಲ. ಅಣ್ಣಾಚಿ ಒಂದು ಫೋನ್ ಹೊಡೆದರೆ ಲಾರಿ ಬಂದು ನಿಲ್ಲುತ್ತಿತ್ತು. ಈಗ ಯಾರ ಫೋನಿಗೂ ಬರುವುದಿಲ್ಲ. ನಲ್ಲಿಯ ಕೆಲಸವೆಲ್ಲ ಅಲ್ಲಲ್ಲೇ ನಿಂತಿದೆ, ಅಗೆದ ಗುಂಡಿಯಲ್ಲಿ ನಾಯಿಗಳು ಮಲಗುತ್ತವೆ.

"ಬರ್ಬೇಕು ಬರ್ಬೇಕು ಕಲೆಕ್ಟರ್ ಸಾಹೇಬ್ರು!" ಚಹಾದಂಗಡಿಯ ಸುಡಲೈ ಅವನನ್ನು ಕಂಡಾಗಲೆಲ್ಲ ಎದ್ದು ನಿಂತು ಕೈ ಮುಗಿಯುತ್ತಿದ್ದ. "ಅಲ್ಲಯ್ಯಾ, ಅಣ್ಣಾಚಿ ತಿಂತಿದ್ದ, ಯಾರು ಇಲ್ಲ ಅಂದ್ರು? ತಿಂದು ಕೆಲಸ ಮಾಡಿಕೊಡ್ತಿದ್ದ. ಈಗ ಬಂದಿರೋ ಆಫೀಸರು ತಿನ್ನೋದೂ ಇಲ್ಲ, ಮಾಡೋದೂ ಇಲ್ಲ. ಏನು ಕೇಳಿದ್ರೂ ಕೇಸು ನಡೀತಿದೆ ಅಂತಾನೆ. ಇವನನ್ನ ಇಟ್ಕೊಂಡು ಪೂಜೆ ಮಾಡ್ಲಾ?"

ಮಾಡಸಾಮಿ ಚಹಾ ಕುಡಿಯದೆ ತನ್ನ ಅಂಗಡಿಗೆ ಮರಳುತ್ತಿದ್ದ. ಅಂಗಡಿಯಲ್ಲಿ ಹೊಲಿದಿಟ್ಟ ರವಿಕೆಗಳು ಗೋಡೆಯ ಉದ್ದಕ್ಕೂ ತೂಗುತ್ತಿದ್ದವು. ಪೊಂಗಲ್ ಹತ್ತಿರ ಬಂದರೂ ಒಬ್ಬಳೂ ತೆಗೆದುಕೊಂಡು ಹೋಗಲು ಬಂದಿರಲಿಲ್ಲ. ಹಳೇ ರವಿಕೆ ತೊಟ್ಟು ಹಬ್ಬ ಮಾಡುತ್ತೇವೆ, ಇವನ ಕೈಯಿಂದ ಇಸ್ಕೊಳ್ಳೋಲ್ಲ ಎಂದು ಹೆಂಗಸರು ಹಟ ಹಿಡಿದಿದ್ದರು. ಈ ಬೀದಿಯ ಹೆಂಗಸರು ಹಬ್ಬಕ್ಕೆ ಹೊಸ ರವಿಕೆ ಬಿಟ್ಟುಕೊಟ್ಟದ್ದು ಅದೇ ಮೊದಲು.

ತಾಯಿ ಪೇಚ್ಚಿಯಮ್ಮಾಳ್ ಮಾತ್ರ ಅವನನ್ನು ಬೈದಿರಲಿಲ್ಲ. ಸುದ್ದಿ ಕೇಳಿದ ದಿನ "ಅರ್ಧಕ್ಕೆ ಇಳಿಸಿದ್ನಲ್ಲೋ ಮಗಾ" ಅಂದವಳು ಮತ್ತೆ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಣ್ಣಾಚಿಗೆ ಎರಡು ಸಲ ಜಾಮೀನು ಸಿಗಲಿಲ್ಲ. ಸೋಮವಾರ ಮಾಡಸಾಮಿ ನಡೆದದ್ದನ್ನು ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕು, ಹೇಳಿದರೆ ಕೇಸು ಬಿಗಿಯಾಗುತ್ತದೆ ಎಂದು ಬಲೆ ಹಾಕಿದ್ದ ಇನ್‌ಸ್ಪೆಕ್ಟರು ತಿಳಿಸಿದ್ದ. ಅದಕ್ಕೆ ಮುಂಚಿನ ಶುಕ್ರವಾರ ಅಂಗಡಿಯ ಬಾಗಿಲಿಗೆ ಅದೇ ಬೀದಿಯ ಶೆಂಬಗವಳ್ಳಿ ಬಂದಳು. ರವಿಕೆಗೆ ಬಂದಳೆಂದು ಅವನು ಗಡಬಡಿಸಿ ಎದ್ದ.

"ಅದನ್ನ ಅಲ್ಲೇ ಇಟ್ಕೋ," ಅಂದಳು. "ಅಣ್ಣಾಚಿ ಬಿಡುಗಡೆಗೆ ಬೀದಿಯೋರೆಲ್ಲ ಮಾರಿಯಮ್ಮನ ಗುಡೀಲಿ ಮಣ್‌ಸೋರು ತಿಂತಿದೀವಿ. ನಿಮ್ಮಮ್ಮನೂ ಕೂತವ್ರೆ. ಹೋಗಿ ನೋಡು, ಕಣ್ಣು ತಂಪಾಗ್ಲಿ."

ಅವನು ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಓಡಿದ.

ಗುಡಿಯ ಹಾಸುಗಲ್ಲು ತೊಳೆದು ಹೆಂಗಸರು ಸಾಲಾಗಿ ಕೂತಿದ್ದರು. ಎಲೆಯಿಲ್ಲ, ತಟ್ಟೆಯಿಲ್ಲ; ಬರೀ ನೆಲದ ಮೇಲೆ ಉಣ್ಣುವ ಅನ್ನವೇ ಮಣ್‌ಸೋರು. ಎಷ್ಟು ಕೀಳಾಗಿ ಕೂತು ಉಂಡರೆ ಮಾರಿಯಮ್ಮನಿಗೆ ಅಷ್ಟು ಕನಿಕರ ಹುಟ್ಟುತ್ತದೆ ಅನ್ನುವುದು ಅಲ್ಲಿಯ ನಂಬಿಕೆ. ಚೆಲ್ಲಪಾಂಡಿಯ ಹೆಂಡತಿ ಪೊನ್ನುತ್ತಾಯಿ ಬಕೆಟ್ ಹಿಡಿದು ಪ್ರತಿಯೊಬ್ಬರ ಮುಂದೆಯೂ ಬರೀ ಕಲ್ಲಿನ ಮೇಲೆ ಸಾಂಬಾರನ್ನ ಬಡಿಸುತ್ತಿದ್ದಳು. ತಾಯಿ ಸಾಲಿನ ಕೊನೆಯಲ್ಲಿದ್ದಳು. ಮಂಡಿ ಮಡಿಸಲಾಗದ ಮುದುಕಿ ಹೇಗೋ ಮಡಿಸಿ ಕೂತು, ಹರಿದುಹೋಗುವ ಸಾಂಬಾರಿಗೆ ಒಂದು ಕೈ ಅಡ್ಡ ಇಟ್ಟು, ಇನ್ನೊಂದರಿಂದ ಅನ್ನ ಬಳಿದು ತಿನ್ನುತ್ತಿದ್ದಳು. ಮಾಡಸಾಮಿ ಸಾಲು ದಾಟಿ ಅವಳ ಹತ್ತಿರ ಹೋದ.

"ಏಳಮ್ಮಾ. ಮನೇಗೆ ನಡಿ."

ಅವಳು ಇನ್ನೊಂದು ತುತ್ತು ಬಳಿದಳು.

"ಬಂದ್ರು ನೋಡ್ರೇ, ಬೀದಿ ಉದ್ಧಾರ ಮಾಡೋಕೆ!" ಸಾಲಿನಿಂದ ಯಾರೋ ಅಂದರು. ನಗೆ ಎದ್ದಿತು.

ಪೊನ್ನುತ್ತಾಯಿ ಬಕೆಟ್ ಕೆಳಗಿಟ್ಟಳು. "ಉಣ್ಣೋರನ್ನ ಅರ್ಧಕ್ಕೆ ಎಬ್ಬಿಸಬಾರ್ದು ತಂಬಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಾನು ಕರೀಲಿಲ್ಲ. ಆತ್ತಾ ಮಾರಿಯಮ್ಮನಾಣೆಗೂ ಕರೀಲಿಲ್ಲ. ನಿಮ್ಮಮ್ಮ ತಾವಾಗೇ ಬಂದು ಕೂತ್ರು."

ಅವನು ತಾಯಿಯ ರಟ್ಟೆ ಹಿಡಿದು ಎಬ್ಬಿಸಲೆಂದು ಬಗ್ಗಿದ. ಆಗ ಅವಳು ತುತ್ತು ತುತ್ತಿಗೂ ಗೊಣಗುತ್ತಿದ್ದದ್ದು ಅವನಿಗೆ ಕೇಳಿಸಿತು. ಉಳಿದವರೆಲ್ಲ ಅಣ್ಣಾಚಿಯನ್ನು ಬಿಡಿಸು ಎಂದು ಬೇಡುತ್ತಿದ್ದರು. ಅವಳು ಬೇರೇನೋ ಬೇಡುತ್ತಿದ್ದಳು.

"ಸೋಮವಾರ ನನ್ನ ಮಗನ ನಾಲಿಗೆ ತಿರುಗಿಸು ಆತ್ತಾ. ನನ್ನ ಮಗನ ನಾಲಿಗೆ ತಿರುಗಿಸು."

ಹಿಡಿದ ರಟ್ಟೆಯನ್ನು ಅವನು ಬಿಟ್ಟುಬಿಟ್ಟ. ಅವಳು ಕಲ್ಲು ಬೆಳ್ಳಗೆ ಕಾಣುವ ತನಕ ಬಳಿದು ತಿಂದಳು. ಅವನು ಕಂಬಕ್ಕೊರಗಿ ಅಷ್ಟೂ ಹೊತ್ತು ನಿಂತು ನೋಡಿದ. ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

ಮನೆಯ ದಾರಿಯಲ್ಲಿ ಕೇಳಿದ. "ನಾನು ಸುಳ್ಳು ಹೇಳ್ಲಿ ಅಂತ ಹರಕೆ ಕಟ್ಟಿದ್ಯಲ್ಲಮ್ಮಾ. ಅವನು ಅಪ್ಪನ ಹೆಣ ತೋರಿಸಿ ವ್ಯಾಪಾರ ಮಾಡ್ದ. ನಿಂಗೆ ಅದು ನೋಯಲ್ವಾ?"

ಪೇಚ್ಚಿಯಮ್ಮಾಳ್ ಗೋಡೆ ಹಿಡಿದು ನಿಂತಳು.

"ನೋಯುತ್ತೆ ಕಣಪ್ಪಾ. ಯಾಕೆ ನೋಯಲ್ಲ? ಆದ್ರೆ ನೀನೇ ಹೇಳು, ನಾಳೆ ನಾನು ಕಣ್ಣು ಮುಚ್ಚಿದ್ರೆ ನನ್ನ ಯಾರು ಹೊರ್ತಾರೆ? ಈ ಬೀದೀಲಿ ಒಬ್ಬ ಬರ್ತಾನಾ? ನಿಮ್ಮಪ್ಪ ಬಿಸಿಲಲ್ಲಿ ಬಿದ್ದಿದ್ದು ನೋಡಿದೀನಿ. ನಾನೂ ಹಂಗೇ ಬೀಳ್ಲಾ? ನೀನೊಬ್ಬನೇ ಎಳ್ಕೊಂಡು ಹೋಗ್ತೀಯಾ ನನ್ನ?"

ಸತ್ಯಕ್ಕೆ ನಾಲ್ಕು ಹೆಗಲು ಎಲ್ಲಿಂದ ತರುವುದು? ಮಾಡಸಾಮಿ ಅವಳ ಕೈ ಹಿಡಿದು ಮೆಲ್ಲಗೆ ನಡೆಸಿಕೊಂಡು ಹೋದ.

ಸೋಮವಾರ ಅವಳೂ ಜೊತೆಗೆ ಬಂದಳು. ಬೇಡ ಅಂದರೂ ಕೇಳಲಿಲ್ಲ. ಕೋರ್ಟಿನ ಅಂಗಳದ ಬೇವಿನ ಮರದಡಿ ಕೂತು ಕಣ್ಣು ಮುಚ್ಚಿದಳು. ಇನ್‌ಸ್ಪೆಕ್ಟರು ಮಾಡಸಾಮಿಯ ಬೆನ್ನು ತಟ್ಟಿದ. "ನಡೆದದ್ದು ನಡೆದ ಹಾಗೆ ಹೇಳಿ ಬಾ. ಹೆದರ್ಬೇಡ."

ಒಳಗೆ ಮ್ಯಾಜಿಸ್ಟ್ರೇಟರು, ಟೈಪು ಮಾಡುವವನು, ಅವನು, ಮೂವರೇ. ಮ್ಯಾಜಿಸ್ಟ್ರೇಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ಕನ್ನಡಕದೊಳಗಿಂದ ಸಮಾಧಾನವಾಗಿ ನೋಡಿದಳು.

"ನಿಮಗೆ ಯಾರಾದ್ರೂ ಬೆದರಿಕೆ ಹಾಕಿದಾರಾ?"

"ಇಲ್ಲಮ್ಮಾ."

ಅದು ನಿಜವೇ ಆಗಿತ್ತು. ಯಾರೂ ಒಂದು ಕಡ್ಡಿಯನ್ನೂ ಎತ್ತಿರಲಿಲ್ಲ.

"ಹಾಗಾದ್ರೆ ಹೇಳಿ. ಚೆಲ್ಲಪಾಂಡಿ ನಿಮ್ಮ ಹತ್ರ ದುಡ್ಡು ಯಾಕೆ ತಗೊಂಡ?"

ನಲ್ಲಿಗೆ ಲಂಚ. ಎರಡೇ ಮಾತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬಾಯಿ ತೆರೆದ. ಕಣ್ಣ ಮುಂದೆ ಒದ್ದೆ ಕಲ್ಲು ಬಳಿಯುತ್ತಿದ್ದ ತಾಯಿಯ ಕೈ ಬಂದು ನಿಂತಿತು.

"ಅದು ಕೈಸಾಲ ಅಮ್ಮಾ," ಅಂದ. "ನಮ್ಮಪ್ಪ ಸತ್ತಾಗ ಸುಡುಗಾಡಿನ ಖರ್ಚಿಗೆ ಅಣ್ಣಾಚಿ ಕೊಟ್ಟಿದ್ರು. ಅದನ್ನೇ ತೀರಿಸಿದ್ದು. ಸಿಟ್ಟಲ್ಲಿ ಲಂಚ ಅಂತ ಹೇಳ್ಬಿಟ್ಟೆ."

ಟೈಪು ಮಾಡುವವನ ಕೈ ಒಂದು ಗಳಿಗೆ ನಿಂತು ಮತ್ತೆ ಓಡಿತು. ಅಪ್ಪನ ಹೆಣವನ್ನು ಚೆಲ್ಲಪಾಂಡಿ ಅರ್ಧ ಬೆಲೆಗೆ ಬಳಸಿಕೊಂಡಿದ್ದ. ತಾನು ಪೂರ್ತಿಯಾಗಿ ಬಳಸಿಕೊಂಡೆ ಎಂದು ಮಾಡಸಾಮಿಗೆ ಅನ್ನಿಸಿತು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಅವನನ್ನೇ ನೋಡಿ, ಸುಳ್ಳು ದೂರು ಕೊಟ್ಟರೆ ಕೇಸು ನಿಮ್ಮ ಮೇಲೂ ಬರುತ್ತದೆ, ಗೊತ್ತಿದೆಯಾ ಎಂದು ಕೇಳಿದಳು. ಗೊತ್ತು ಅಂದ.

ಹೊರಗೆ ವಿಷಯ ತಿಳಿದ ಇನ್‌ಸ್ಪೆಕ್ಟರು ಎಲ್ಲರೆದುರಿಗೇ ಉಗಿದ. "ಥೂ! ನಿಮ್ಮಂಥೋರಿಗೆ ಅಂಥೋನೇ ಸರಿ ಕಣಯ್ಯಾ. ಸಾಯ್ರಿ." ಅವನು ಅಂದದ್ದರಲ್ಲಿ ತಪ್ಪೇನಿದೆ ಎಂದು ಮಾಡಸಾಮಿ ತಲೆ ತಗ್ಗಿಸಿಕೊಂಡು ಬೇವಿನ ಮರದ ಕಡೆ ನಡೆದ.

ತಾಯಿ ಅವನ ಮುಖ ನೋಡುತ್ತಲೇ ಅರ್ಥ ಮಾಡಿಕೊಂಡಳು. ಎದ್ದು ನಿಲ್ಲಲಾಗದೆ ಅವನ ಎರಡೂ ಕೈ ಹಿಡಿದು ಮೇಲೆದ್ದಳು. ಅವನ ಕೆನ್ನೆ, ಗಲ್ಲ, ಬಾಯಿಯನ್ನೆಲ್ಲ ಸವರಿದಳು. ಅಪ್ಪ ಹೋದಮೇಲೆ ಅವಳ ಮುಖ ಇಷ್ಟು ಬೆಳಕಾದದ್ದನ್ನು ಅವನು ಕಂಡಿರಲಿಲ್ಲ.

"ನಿನ್ನ ಬಾಯಿಂದ ಬಂದದ್ದಲ್ಲ ಮಗಾ ಅದು," ಅಂದಳು. "ನೀನು ಎಂಥ ಹಟಮಾರಿ ಅಂತ ನಂಗೊತ್ತಿಲ್ವಾ? ಆತ್ತಾನೇ ಬಂದು ನಿನ್ನ ನಾಲಿಗೆ ಮೇಲೆ ಕೂತಿದ್ಲು. ಪಾಪ ನಿನ್ನದಲ್ಲ, ಅಂಟಲ್ಲ ನಿಂಗೆ. ಅವಳು ಬಂದದ್ದು ನಿಂಗೆ ಗೊತ್ತಾಗ್ಲಿಲ್ವಾ?"

ಯಾರೂ ಬಂದಿರಲಿಲ್ಲ. ಆ ಕೋಣೆಯಲ್ಲಿ ಇದ್ದದ್ದು ಮೂವರೇ, ನಾಲಿಗೆಯನ್ನು ಅವನೇ ತಿರುಗಿಸಿದ್ದ. ಅದನ್ನು ಹೇಳಿದರೆ ಈ ಮುಖ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಗೊತ್ತಾಯ್ತಮ್ಮಾ," ಅಂದ.

ಒಳಗೆ ಹೇಳಿದ ಸುಳ್ಳಿಗಿಂತ ಈ ಸುಳ್ಳು ಸಲೀಸಾಗಿ ಬಂತು. ಅವಳು ಕೋರ್ಟಿನ ಕಡೆ ತಿರುಗಿ ಕೈ ಮುಗಿದಳು. ಬಿಸಿಲು ಏರಿತ್ತು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವನು ಅವಳನ್ನು ನಡೆಸಿಕೊಂಡು ಹೊರಟ.