ಜೊಕಾಸಿಯಲ್ಲಿ ಬೋಟು ನಡೆಸಿದ್ದು

ನನಗೆ ನೇರವಾಗಿ ಗಾಡಿ ಓಡಿಸಲು ಬರುವುದಿಲ್ಲ ಎಂದು ನಮ್ಮವರು ಊರೆಲ್ಲ ಹೇಳಿಕೊಂಡು ಬಂದಿದ್ದರು. ಊರು ಎಂದರೆ ಅಮೆರಿಕದ ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ನ ಏಳೆಂಟು ಕನ್ನಡದ ಮನೆಗಳು, ಅಷ್ಟೇ. ಮರ್ಯಾದೆ ಹೋಗಲು ಅಷ್ಟು ಮನೆ ಧಾರಾಳವಾಗಿ ಸಾಕು.

ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆಯಲಿದ್ದ ವರ್ಷ ಅದು. ಹತ್ತಿರದ ಕಾಲೇಜಿನಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೋರ್ಸಿಗೆ ನನಗೆ ಸೀಟು ಸಿಕ್ಕಿತ್ತು. ಹತ್ತಿರ ಎಂದರೆ ಕಾರಿದ್ದವರಿಗೆ ಹತ್ತಿರ. ನಮ್ಮ ಕಡೆ ಬಸ್ಸು ಎಂಬ ಪದಾರ್ಥವೇ ಇರಲಿಲ್ಲ. ನಮ್ಮವರು, ಅಂದರೆ ರವಿಶಂಕರ್, ಬೆಳಗ್ಗೆ ಕಾರು ತೆಗೆದುಕೊಂಡು ಆಫೀಸಿಗೆ ಹೋದರೆ ಕತ್ತಲಾದ ಮೇಲೆ ಬರುವವರು. ಎರಡನೇ ಕಾರಿನ ಮಾತು ನನಗೆ ಲೈಸೆನ್ಸ್ ಬಂದ ಮೇಲೆ. ಎರಡು ಸಲ ಟೆಸ್ಟಿನಲ್ಲಿ ಫೇಲಾಗಿದ್ದೆ. ಮೂರನೆಯದು ಬರುವ ಮಂಗಳವಾರ ಇತ್ತು. ಅದೂ ಹೋದರೆ ಸೀಟು ಹೋಯಿತು, ನಾನು ಇನ್ನೊಂದು ವರ್ಷ ಕಿಟಕಿಯಲ್ಲಿ ನಿಂತು ಅಂಚೆಯವನ ದಾರಿ ಕಾಯುವುದೇ ಗತಿ.

ಪ್ರಾಕ್ಟೀಸು ಮಾಡಬೇಕೆಂದರೆ ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂರಬೇಕು ಎಂಬುದು ಕಾನೂನು. ಪಕ್ಕದಲ್ಲಿ ಕೂರುತ್ತಿದ್ದವರು ನಮ್ಮವರು. ಅವರು ಬರೀ ಕೂರುತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಎಡಕ್ಕೆ, ಎಡಕ್ಕೆ. ಅಷ್ಟಲ್ಲ! ಬ್ರೇಕ್. ನೀರಜಾ, ಬ್ರೇಕ್! ಕನ್ನಡಿ ನೋಡು. ಕನ್ನಡೀನೇ ನೋಡ್ತಾ ಇರ್ಬೇಡ!" ಟೆಸ್ಟಿನ ದಿನ ಪಕ್ಕದಲ್ಲಿ ಕೂತ ಪರೀಕ್ಷಕ ಪಾಪ ತುಟಿ ಬಿಚ್ಚಲಿಲ್ಲ. ಆದರೂ ನನ್ನ ಕಿವಿಯಲ್ಲಿ ಇವರದೇ ಉಪದೇಶ. ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ ನಿಂತುಬಿಟ್ಟೆ. ಎರಡನೇ ಸಲ ಫೇಲಾದ ಮೇಲೆ ಇವರು ತಣ್ಣಗೆ ಹೇಳಿದರು: "ಈ ವರ್ಷ ಬೇಡ ಬಿಡು. ಮಂಗಳವಾರದ್ದು ಕ್ಯಾನ್ಸಲ್ ಮಾಡಿಸ್ತೀನಿ."

ನನಗೆ ಬಂದ ಸಿಟ್ಟಿಗೆ ಎರಡು ದಿನ ಉಪ್ಪಿಲ್ಲದ ಸಾರು ಮಾಡಿ ಬಡಿಸಿದೆ. ಇವರು ಮಾತಾಡದೆ ಉಣ್ಣುತ್ತಿದ್ದರು. ಅದು ಇನ್ನೂ ಸಿಟ್ಟು ತರಿಸಿತು.

ಅಂಥ ಹೊತ್ತಿನಲ್ಲಿ ಜಬ್ಬಾರ್ ಭಾಯ್ ಫೋನ್ ಮಾಡಿದರು. ಮೈಸೂರಿನ ಮಂಡಿ ಮೊಹಲ್ಲಾದವರು, ನಮಗಿಂತ ಇಪ್ಪತ್ತು ವರ್ಷ ಹಿರಿಯರು, ಎರಡು ಬೀದಿ ಆಚೆ ಮನೆ. ಅವರಿಗೊಂದು ಬೋಟಿನ ಹುಚ್ಚು. ಶನಿವಾರ ಸೌತ್ ಕೆರೊಲಿನಾದ ಜೊಕಾಸಿ ಲೇಕಿಗೆ ಟ್ರೌಟ್ ಮೀನು ಹಿಡಿಯಲು ಹೋಗುತ್ತೇವೆ, ನೀವಿಬ್ಬರೂ ಬನ್ನಿ ಎಂದರು. ಅವರ ಹೆಂಡತಿ ಮಕ್ಸೂದಾ ಆಪಾ ಹಿಂದಿನಿಂದ ಕೂಗಿ, "ನೀರಜಾ ಬರ್ಲೇಬೇಕು ಅಂತ ಹೇಳಿ" ಎಂದಿದ್ದು ನನಗೂ ಕೇಳಿಸಿತು. ನಾವು ಮಂಡ್ಯದ ಕಡೆಯವರು, ಮೀನೆಂದರೆ ಬೇಡ ಎನ್ನುವ ಜಾತಿಯಲ್ಲ. ಸಿಟ್ಟನ್ನು ಭಾನುವಾರಕ್ಕೆ ಮುಂದೂಡಿ ಹೊರಟೆ.

ಜಬ್ಬಾರ್ ಭಾಯ್ ಟ್ರಕ್ಕಿಗೆ ಬೋಟು ಕಟ್ಟಿಕೊಂಡು ಮುಂದೆ, ನಾವು ನಮ್ಮ ಕಾರಿನಲ್ಲಿ ಹಿಂದೆ. ಲೇಕು ನೋಡಿದರೆ ಕನ್ನಂಬಾಡಿಯ ಹಿನ್ನೀರಿಗೆ ಸುತ್ತ ಬೆಟ್ಟ ತಂದು ನಿಲ್ಲಿಸಿದ ಹಾಗಿತ್ತು. ನೀರು ಎಷ್ಟು ತಿಳಿ ಎಂದರೆ ದಡದ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು. ಏಪ್ರಿಲ್ ತಿಂಗಳಾದರೂ ಬೆಳಗಿನ ಗಾಳಿ ಸ್ವೆಟರ್ ದಾಟಿ ಒಳಗೆ ಬರುತ್ತಿತ್ತು. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡು ಉಬ್ಬಿದ ಪೂರಿಗಳ ಹಾಗೆ ಕೂತೆವು.

ಜಬ್ಬಾರ್ ಭಾಯ್ ಮೀನು ಹಿಡಿಯುವ ರೀತಿಗೆ ಟ್ರೋಲಿಂಗ್ ಎನ್ನುತ್ತಾರೆ, ಅದು ನಾನು ಅಂದುಕೊಂಡಿದ್ದ ಹಾಗಲ್ಲ. ಗಾಳ ಹಾಕಿ ದಡದಲ್ಲಿ ತೂಕಡಿಸುವಂತಿಲ್ಲ. ಬೋಟು ನಿಲ್ಲದೆ ಮೆಲ್ಲಗೆ, ಮನುಷ್ಯ ನಡೆಯುವಷ್ಟೇ ನಿಧಾನವಾಗಿ ಹೋಗುತ್ತಿರಬೇಕು. ಹಿಂದೆ ನೀರಿನಾಳದಲ್ಲಿ ಗಾಳದ ಜೊತೆ ಹೊಳೆಯುವ ತಗಡಿನ ತುಂಡು ಮರಿಮೀನಿನಂತೆ ಹೊರಳಾಡುತ್ತ ಬರಬೇಕು. ದಾರ ಆಳಕ್ಕಿಳಿಯಲಿ ಎಂದು ಜಬ್ಬಾರ್ ಭಾಯ್ ತಂತಿಗೆ ಕಟ್ಟಿದ ಸೀಸದ ಗುಂಡಿಗೆ ಅದನ್ನು ಸಿಕ್ಕಿಸಿ ಬಿಟ್ಟರು. ಮೀನು ಕಚ್ಚಿದರೆ ದಾರ ಗುಂಡಿನಿಂದ ಕಳಚಿಕೊಂಡು, ಬಾಗಿದ್ದ ಕೋಲು ಫಟ್ಟನೆ ಮೇಲೇಳುತ್ತದೆ. ಆಗ ಕೋಲು ಹಿಡಿದವನು ಎಚ್ಚರವಾಗಿರಬೇಕು. ಕೋಲುಗಳೆಲ್ಲ ಬೋಟಿನ ಹಿಂಭಾಗದಲ್ಲಿ. ಹಾಗಾಗಿ ಗಂಡಸರಿಬ್ಬರೂ ಹಿಂದಕ್ಕೆ ಮುಖ ಮಾಡಿ ಕೂತರು.

"ಹಾಗಾದ್ರೆ ಬೋಟು ಓಡಿಸೋರು ಯಾರು?" ನಮ್ಮವರು ಕೇಳಿದರು.

"ನಿಮ್ಮ ಮಿಸೆಸ್ ಇದಾರಲ್ಲ," ಎಂದರು ಜಬ್ಬಾರ್ ಭಾಯ್.

"ಅಯ್ಯೋ, ಇವಳಾ? ಇವಳಿಗೆ ನೇರ ಹೋಗೋಕೆ ಬರಲ್ಲ ಭಾಯ್!"

"ಇಷ್ಟು ದೊಡ್ಡ ಲೇಕಲ್ಲಿ ಯಾರಿಗೆ ಗುದ್ದುತಾರೆ? ಬನ್ನಿ, ಕೂತ್ಕೊಳಿ."

ನಾನು ಸ್ಟೀರಿಂಗ್ ಮುಂದೆ ಕೂತೆ. ಬೋಟು ಕಾರಿನ ಹಾಗಲ್ಲ. ತಿರುಗಿಸಿದರೆ ಕೂಡಲೇ ತಿರುಗುವುದಿಲ್ಲ. ತಿರುಗಲಿಲ್ಲವಲ್ಲ ಎಂದು ಇನ್ನಷ್ಟು ತಿರುಗಿಸಿದರೆ ಬೇಕಾದ್ದಕ್ಕಿಂತ ಜಾಸ್ತಿ ತಿರುಗಿಬಿಡುತ್ತದೆ. ನಾನು ಎಡಕ್ಕೆ ಹೋದೆ, ಗಾಬರಿಯಾಗಿ ಬಲಕ್ಕೆ ಬಂದೆ, ಮತ್ತೆ ಎಡಕ್ಕೆ. ಹಿಂದೆ ನೀರಿನ ಮೇಲೆ ಬೋಟಿನ ಗುರುತು ಹಾವು ಹರಿದ ಹಾಗೆ ಬಿದ್ದಿತ್ತು. ನಮ್ಮವರು ಬಾಯಿ ತೆರೆದರು. ಮಾತು ಹೊರಡುವ ಮುಂಚೆ ಅವರ ಕೈಯ ಪಕ್ಕದ ಕೋಲು ಫಟ್ಟೆಂದಿತು.

"ಹಿಡೀರಿ, ಹಿಡೀರಿ!" ಜಬ್ಬಾರ್ ಭಾಯ್ ಕುಣಿದಾಡಿದರು. ನಮ್ಮವರು ರೀಲು ಸುತ್ತಿದರು. ಮೈತುಂಬ ಚುಕ್ಕೆ, ಪಕ್ಕದಲ್ಲಿ ಗುಲಾಬಿ ಪಟ್ಟೆ ಇದ್ದ ಟ್ರೌಟ್ ಒಂದು ಮೇಲೆ ಬಂತು. ಇವರ ಮುಖ ನೋಡಬೇಕಿತ್ತು. ಪ್ರೊಮೋಶನ್ ಬಂದ ದಿನವೂ ಅಷ್ಟು ಅರಳಿರಲಿಲ್ಲ.

"ನೀರಜಾ, ಹಾಗೇ ಸೊಟ್ಟ ಸೊಟ್ಟ ಹೋಗ್ತಾ ಇರಿ," ಎಂದರು ಜಬ್ಬಾರ್ ಭಾಯ್. "ತಿರುಗಿದಾಗ ಹೊರಗಿನ ಗಾಳ ಜೋರಾಗತ್ತೆ, ಒಳಗಿನದು ನಿಧಾನ ಆಗತ್ತೆ. ಮೀನಿಗೆ ಆಸೆ ಹುಟ್ಟೋದೇ ಆವಾಗ. ನಾನು ಬೇಕೂಂತ ಮಾಡೋದನ್ನ ನೀವು ತಾನಾಗೇ ಮಾಡ್ತಿದೀರಿ."

ನಗು ಬಂತು, ಸ್ವಲ್ಪ ಅವಮಾನವೂ ಆಯಿತು. ತಪ್ಪಾಗಿ ಓಡಿಸಿದ್ದಕ್ಕೆ ಸಿಕ್ಕ ಹೊಗಳಿಕೆಯನ್ನು ಇಟ್ಟುಕೊಂಡು ಏನು ಮಾಡುವುದು? ಆದರೂ ಹೋದೆ. ಸುಮಾರು ದೂರ ಹೋದ ಮೇಲೆ ಒಂದು ವಿಷಯ ಗೊತ್ತಾಯಿತು. ಈಗ ನಾನು ಗಾಬರಿಯಿಂದ ತಿರುಗುತ್ತಿರಲಿಲ್ಲ, ಬೇಕೆಂದೇ ತಿರುಗುತ್ತಿದ್ದೆ. ಬೋಟು ಎಷ್ಟು ಹೊತ್ತಿಗೆ ಮಾತು ಕೇಳುತ್ತದೆ ಎಂದು ಕೈಗೆ ತಿಳಿದಿತ್ತು. ದೂರದ ಒಂದು ಒಣಮರಕ್ಕೆ ಕಣ್ಣಿಟ್ಟು ನೇರ ಹೋಗೋಣ ಎಂದುಕೊಂಡರೆ ನೇರ ಹೋಯಿತು. ಬೆನ್ನ ಹಿಂದೆ ಯಾರೂ "ಬ್ರೇಕ್" ಎನ್ನುತ್ತಿರಲಿಲ್ಲ. ಬೋಟಿಗೆ ಬ್ರೇಕೇ ಇಲ್ಲ ಎನ್ನುವುದು ಬೇರೆ ಮಾತು.

ಹೊಟ್ಟೆಕಿಚ್ಚೋ ಏನೋ, ನಮ್ಮವರು "ನಾನೊಂದ್ ಸ್ವಲ್ಪ ಓಡಿಸ್ತೀನಿ" ಎಂದು ಬಂದರು. ಅವರು ಅಡಿಪಟ್ಟಿ ಇಟ್ಟು ಗೆರೆ ಎಳೆದಂತೆ ಓಡಿಸಿದರು. ಕೋಲುಗಳು ಮಿಸುಕಲಿಲ್ಲ. ನಾನು ಮಕ್ಸೂದಾ ಆಪಾ ಕೊಟ್ಟ ಚಹಾ ಕುಡಿದೆ, ಅವರು ತಂದಿದ್ದ ಖೀಮಾ ಸಮೋಸ ತಿಂದೆ, ಬೆಟ್ಟದಿಂದ ನೇರ ಲೇಕಿಗೇ ಬೀಳುವ ಒಂದು ಸಣ್ಣ ಜಲಪಾತವನ್ನು ಕಣ್ಣು ತುಂಬ ನೋಡಿದೆ. ಮೀನು ಬರಲಿಲ್ಲ. ಕೊನೆಗೆ ಜಬ್ಬಾರ್ ಭಾಯ್ ಕೆಮ್ಮಿ, "ರವಿ, ನೀವು ಕೋಲಿಗೇ ಬಂದ್ಬಿಡಿ" ಎಂದರು. ನಾನು ಕಪ್ಪು ಕೆಳಗಿಟ್ಟು ಎದ್ದೆ.

ಆ ಸಲ ಕಚ್ಚಿದ್ದು ದೊಡ್ಡದು. ಜಬ್ಬಾರ್ ಭಾಯ್ ಕೋಲು ಬಿಲ್ಲಾಯಿತು. "ನಿಲ್ಲಿಸ್ಬೇಡಿ, ಮೆಲ್ಲಗೆ ಹೋಗ್ತಾನೇ ಇರಿ!" ಎಂದು ಕೂಗಿದರು. ನಮ್ಮವರು ಉಳಿದ ದಾರಗಳನ್ನು ಮೇಲೆಳೆಯುತ್ತಿದ್ದರು. ಅಷ್ಟರಲ್ಲಿ ಎದುರಿನ ತಿರುವಿನಿಂದ ಅಗಲವಾದ ಬೋಟೊಂದು, ತುಂಬ ಮಕ್ಕಳು, ಜೋರು ಹಾಡು, ಸೀದಾ ನಮ್ಮ ಕಡೆಗೇ ಬಂತು. ಓಡಿಸುತ್ತಿದ್ದವನು ಹಿಂದೆ ತಿರುಗಿ ಮಕ್ಕಳ ಜೊತೆ ಮಾತಾಡುತ್ತಿದ್ದ. ಬಲಕ್ಕೆ ತಿರುಗಿದರೆ ಮೀನಿನ ದಾರ ಬೋಟಿನ ಅಡಿಗೆ ಬರುತ್ತದೆ. ಎಡಕ್ಕೆ ಸಾಕಷ್ಟು ನೀರಿತ್ತು. ಹಾರ್ನ್ ಒತ್ತಿದೆ, ಎಡಕ್ಕೆ ತಿರುಗಿಸಿ, ಬೋಟು ಮಾತು ಕೇಳುವವರೆಗೆ ಕಾದು, ಮತ್ತೆ ನೇರ ಮಾಡಿದೆ. ಆ ಬೋಟಿನವನು ಕೈಯೆತ್ತಿ ಸಾರಿ ಎಂದ. ಅದರ ಅಲೆ ಬಂದು ನಮ್ಮನ್ನು ತೂಗಿತು.

ಹಿಂದೆ ನಮ್ಮವರು ಕೈಬಲೆಯಲ್ಲಿ ಮೀನು ಎತ್ತಿದ್ದರು. ಕಂದು ಬಣ್ಣದ ಟ್ರೌಟ್, ಮೊಳಕ್ಕಿಂತ ಉದ್ದ. ಅದನ್ನು ಪೆಟ್ಟಿಗೆಗೆ ಹಾಕಿದ ಮೇಲೆ ತಲೆ ಎತ್ತಿ, "ಅದ್ಯಾವ್ದು ಹಾರ್ನು? ಆ ಬೋಟು ಯಾವಾಗ ಬಂತು?" ಎಂದರು.

"ಬಂತು, ಹೋಯ್ತು," ಎಂದರು ಮಕ್ಸೂದಾ ಆಪಾ. "ನೀವು ಹಿಂದೆ ನೋಡ್ತಾ ಇದ್ರಿ. ಅದಕ್ಕೇ ನೀರಜಾ ಚೆನ್ನಾಗಿ ಓಡಿಸಿದ್ಲು."

ಜಬ್ಬಾರ್ ಭಾಯ್ ಬಗ್ಗಿ ಮೀನಿಗೆ ಐಸು ಹಾಕುವ ನೆಪದಲ್ಲಿ ನಕ್ಕರು.

ವಾಪಸ್ಸು ಬರುವಾಗ ಆಪಾ ನಮ್ಮ ಕಾರಿಗೇ ಬಂದರು. ಟ್ರಕ್ಕಿನಲ್ಲಿ ಮೀನಿನ ವಾಸನೆ ಎಂದು ಕಾರಣ ಕೊಟ್ಟರು. ರಾಜ್ಯದ ಗಡಿ ದಾಟಿ, ಜಾರ್ಜಿಯಾದ ಮೊದಲ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ನಾವಿಬ್ಬರೂ ಕೈಕಾಲು ಮುಖ ತೊಳೆದು ಬಂದಾಗ ಆಪಾ ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದರು.

"ನನ್ ಹತ್ರಾನೂ ಲೈಸೆನ್ಸ್ ಇದೆ ರವಿ. ನೀರಜಾ ಓಡಿಸ್ತಾಳೆ. ನೀವು ಹಿಂದೆ ಕೂತ್ಕೊಳಿ."

ನಮ್ಮವರು ಕೀ ಹಿಡಿದುಕೊಂಡು ನಿಂತೇ ಇದ್ದರು. "ಹೈವೇ ಆಪಾ. ಲಾರಿಗಳು. ಇದು ಬೋಟಲ್ಲ."

"ರೀ," ಎಂದೆ. "ನನಗೆ ಆ ಸೀಟು ಬೇಕು. ನಾನು ಕಾಲೇಜಿಗೆ ಹೋಗ್ಬೇಕು. ಮನೇಲಿ ಕೂತು ಕೂತು ನನಗೆ ಹುಚ್ಚು ಹಿಡೀತಿದೆ."

ಇವರು ನನ್ನನ್ನು ನೋಡಿದರು. ಕಣ್ಣು ಕೆಂಪಗಿತ್ತು. "ನಿನಗೇನಾದ್ರೂ ಆದ್ರೆ ಈ ದೇಶದಲ್ಲಿ ನನಗೆ ಬೇರೆ ಯಾರಿದಾರೆ ನೀರಜಾ? ಅದಕ್ಕೇ ಬಾಯಿ ಸುಮ್ನಿರಲ್ಲ."

ಎರಡು ದಿನ ಉಪ್ಪಿಲ್ಲದ ಸಾರು ಬಡಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೆ ಕೈ ಚಾಚಿಯೇ ನಿಂತಿದ್ದೆ. ಅವರು ಹೆದರುತ್ತಾರೆ ಎಂದು ನನ್ನಿಂದ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಕೊನೆಗೆ ಅವರು ಕೀ ಕೊಟ್ಟರು.

ಹೈವೇಗೆ ಸೇರಿದೆ. ಪಕ್ಕದ ಲೇನಿನಲ್ಲಿ ಒಂದು ದೊಡ್ಡ ಲಾರಿ. ನಾನು ಬೆಳಗಿನ ಒಣಮರವನ್ನು ನೋಡಿದ ಹಾಗೆ ದೂರಕ್ಕೆ ನೋಡಿದೆ. ಕಾರು ನೇರ ಹೋಯಿತು. ಹಿಂದಿನಿಂದ "ಕನ್ನಡಿ ನೋ..." ಎಂದು ಒಂದು ಸದ್ದು ಬಂತು. ಆಪಾ ತಿರುಗಿ ನೋಡಿದರು. ಸದ್ದು ಅಲ್ಲೇ ನಿಂತಿತು. ಆಮೇಲೆ ಸ್ವಲ್ಪ ಹೊತ್ತು ನಮ್ಮವರು ನನ್ನ ಸೀಟಿನ ಹಿಂಬದಿಯನ್ನು ಬಿಗಿಯಾಗಿ ಹಿಡಿದಿದ್ದರು, ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಆಮೇಲೆ ಹಿಡಿತ ಸಡಿಲವಾಯಿತು. ಆಪಾ ತಮ್ಮ ಮೈಸೂರಿನ ತಂಗಿಯ ಮದುವೆಯ ಕತೆ ಹೇಳುತ್ತಿದ್ದರು. ಅದರಲ್ಲಿ ಬಿರಿಯಾನಿ ಹಂಡೆ ಮಗುಚಿದ ಭಾಗ ಬಂದಾಗ ನಾವಿಬ್ಬರೂ ಜೋರಾಗಿ ನಕ್ಕೆವು. ಹಿಂದಿನವರು ನಗಲಿಲ್ಲ.

ಕನ್ನಡಿಯಲ್ಲಿ ನೋಡಿದೆ. ನಮ್ಮವರು ಕಿಟಕಿಗೆ ತಲೆ ಆನಿಸಿ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಮುಂಬಯಿಯಿಂದ ಅಮೆರಿಕಕ್ಕೆ ಬರುವಾಗ ವಿಮಾನದಲ್ಲಿ ಪೈಲಟ್ಟಿಗೆ ನಿದ್ದೆ ಬಂದೀತೆಂದು ಇಡೀ ರಾತ್ರಿ ಎಚ್ಚರವಿದ್ದ ಮನುಷ್ಯ! ನನಗೆ ಅಳು ಬಂತು. ಇವರು ನನ್ನ ಕೈಗೆ ಜೀವ ಕೊಟ್ಟು ಮಲಗಿದ್ದರು. ಕಣ್ಣು ಮಂಜಾದರೆ ರಸ್ತೆ ಕಾಣುವುದಿಲ್ಲವಲ್ಲ, ಅದಕ್ಕೇ ಅಳು ನುಂಗಿಕೊಂಡೆ.

ಲಾರೆನ್ಸ್‌ವಿಲ್ ಬಂತು, ನಮ್ಮ ಬೀದಿ ಬಂತು. ಮನೆ ಮುಂದೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದಾಗ ಇವರಿಗೆ ಎಚ್ಚರವಾಯಿತು. ಗಲ್ಲದ ಮೇಲಿನ ಜೊಲ್ಲು ಒರೆಸಿಕೊಂಡು ಸುತ್ತ ನೋಡಿದರು.

"ಮನೇನಾ? ನಾನು ಮಲಗಿದ್ನಾ?"

"ಚೆನ್ನಾಗೇ ಮಲಗಿದ್ರಿ," ಎಂದರು ಆಪಾ.

ಇವರು ಕೆಳಗೆ ಇಳಿಯಲಿಲ್ಲ. ಆಮೇಲೆ ನನ್ನನ್ನಲ್ಲ, ಆಪಾರನ್ನು ಕೇಳಿದರು. "ಮಂಗಳವಾರ ನೀವು ಫ್ರೀ ಇದೀರಾ ಆಪಾ? ಟೆಸ್ಟಿಗೆ ಇವಳ ಜೊತೆ ನೀವೇ ಹೋಗಿ. ಆಫೀಸಿಗೆ ನಾನು ಯಾರ ಜೊತೆಗಾದ್ರೂ ರೈಡ್ ತಗೋತೀನಿ, ಕಾರು ಇಲ್ಲೇ ಇರತ್ತೆ."

"ಯಾಕೆ, ನೀವು ಬರಲ್ವಾ?" ಎಂದೆ.

"ನಾನು ಬಂದ್ರೆ ಮಾತಾಡ್ತೀನಿ," ಎಂದರು ನಮ್ಮವರು.