ಮಳೆಯಲ್ಲಿ ನೀರು ಹಾಕಿದವರು

ಗಾಡಿಯ ಮುಂದಿನ ಚಕ್ರ ಕೆಸರಿನಲ್ಲಿ ಹೂತು, ಮೇಲಿದ್ದ ಶವಪೆಟ್ಟಿಗೆ ಒಂದು ಕಡೆಗೆ ವಾಲಿತು. ಎಮೋಕೆ ಎರಡೂ ಕೈಗಳಿಂದ ಅದನ್ನು ಒತ್ತಿ ಹಿಡಿದಳು.

“ತಡ್ಕೊ ಮಗಳೆ, ಅವಸರ ಮಾಡ್ಬೇಡ,” ಎಂದ ಗುಂಡಿ ತೋಡುವ ದೆಝೋ. “ನಿಮ್ಮಪ್ಪ ಬದುಕಿದ್ದಾಗ್ಲೂ ಹಿಂಗೇ. ಯಾರಾದ್ರೂ ತಳ್ಳಿದ್ರು ಅಂತ ಜಗ್ಗೋ ಆಸಾಮಿ ಅಲ್ಲ.”

“ಹೊರೋಕೆ ನಾಲ್ಕು ಜನ ಬರ್ತೀವಿ ಅಂದಿದ್ರಲ್ಲ ಮಾವ?”

“ಅಂದಿದ್ರು.”

“ಮತ್ತೆ ಎಲ್ಲಿ?”

ದೆಝೋ ಆಕಾಶ ನೋಡಿದ. ಬೆಳಗಿನಿಂದ ಮಳೆ ಜಿನುಗುತ್ತಲೇ ಇತ್ತು.

ಹಿಂದಿನ ದಿನ ಎಮೋಕೆ ಊರಿನ ಮನೆಮನೆಗೂ ಹೋಗಿ ಅಪ್ಪನ ಸಾವಿನ ಸುದ್ದಿ ಹೇಳಿ ಬಂದಿದ್ದಳು. ಹೋದಲ್ಲೆಲ್ಲ ಕುರ್ಚಿ ಹಾಕಿದರು, ಪ್ಲಮ್ ಹಣ್ಣಿನ ಸಾರಾಯಿ ಪಾಲಿಂಕಾ ಬಗ್ಗಿಸಿ ಕೊಟ್ಟರು, ಕೈ ಹಿಡಿದು “ಬರದೆ ಇರ್ತೀವಾ?” ಎಂದರು. ಇವತ್ತು ಸ್ಮಶಾನದ ಪ್ರಾರ್ಥನಾಮಂದಿರದ ಬೆಂಚುಗಳು ಖಾಲಿ. ಪಾದ್ರಿ ಎರಡು ಸಲ ಬಾಗಿಲ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು ಪ್ರಾರ್ಥನೆ ಮುಗಿಸಿದ್ದರು.

ಕಾರಣ ಅವಳಿಗೆ ಗೊತ್ತಿತ್ತು. ನಾದಶ್‌ಕೂತ್‌ನಲ್ಲಿ ಯಾರಿಗೆ ಪಂಚಾಯಿತಿ ಕೂಲಿ, ಯಾರಿಗೆ ಇಲ್ಲ ಎಂದು ತೀರ್ಮಾನಿಸುವವನು ಮೇಯರ್ ಕೊರ್ನೇಲ್. ಅಪ್ಪನ ಹಳೆಯ ವಿರೋಧಿ. “ಆ ಮನುಷ್ಯನ ಮಣ್ಣಿಗೆ ಯಾರ್‍ಯಾರು ಹೋಗ್ತಾರೆ ನೋಡ್ತೀನಿ” ಎಂಬ ಅವನ ಮಾತು ಸಂಜೆಯೊಳಗೆ ಊರು ಸುತ್ತಿತ್ತು.

ಬುಡಾಪೆಸ್ಟಿನಲ್ಲಿ ವಿಶ್ವವಿದ್ಯಾಲಯದವರು ಒಳ್ಳೆಯ ಜಾಗ ಕೊಡುತ್ತೇವೆ ಎಂದಿದ್ದರು. ಅಪ್ಪನೇ ಬೇಡ ಎಂದಿದ್ದ. “ನಮ್ಮಮ್ಮನ ಪಕ್ಕ ಹಾಕು. ಆ ಊರೋರು ನನ್ನೋರು.” ಕೊನೆಗೆ ಆಡಿದ ಮಾತು ಅದೇ. ಜೀವನವೆಲ್ಲ ಜನರ ಮನಸ್ಸನ್ನು ಅಂದಾಜು ಮಾಡಿದವನ ಕೊನೆಯ ಅಂದಾಜೂ ತಪ್ಪಿತೇ?

*

ಎಮೋಕೆಯ ಅಪ್ಪ ಸೆಂದ್ರೈ ವಿಲ್ಮೋಶ್ ರಾಜ್ಯಶಾಸ್ತ್ರದ ಮೇಷ್ಟ್ರು. ಚುನಾವಣೆ ಬಂತೆಂದರೆ ಟೀವಿಯವರು ಅವನನ್ನು ಕರೆದು ಕೂರಿಸಿ, ಯಾರು ಗೆಲ್ಲುತ್ತಾರೆ ಎಂದು ಕೇಳುತ್ತಿದ್ದರು. ಹೇಳಿದ್ದು ಹೆಚ್ಚಾಗಿ ನಿಜವಾಗುತ್ತಿತ್ತು. ಐವತ್ತು ದಾಟಿದ ಮೇಲೆ ಒಂದು ದಿನ ಊಟದ ಮೇಜಿನಲ್ಲಿ, “ಕಿಟಕಿ ಹಿಂದೆ ನಿಂತು ಮಳೆ ಬರುತ್ತೆ ಅಂತ ಹೇಳಿದ್ದು ಸಾಕು, ಒಂದ್ಸಲ ನೆನೀಬೇಕು” ಎಂದ. ತಾಯಿ ಹುಟ್ಟಿದ ಸೀಮೆಯಿಂದಲೇ ಸಂಸತ್ತಿನ ಚುನಾವಣೆಗೆ ನಿಂತ.

ಶಾಲೆಗೆ ರಜೆಯಿದ್ದ ಎಮೋಕೆಯನ್ನು ಜೊತೆಗೆ ಕರೆದುಕೊಂಡು ಮನೆಮನೆ ಹತ್ತಿ ಇಳಿದ. ಎಲ್ಲರೂ ಕೂರಿಸಿದರು, ಕುಡಿಸಿದರು, “ನಿಮಗಲ್ದೆ ಇನ್ಯಾರಿಗೆ?” ಎಂದರು. ಶಿಷ್ಯರಿಗೆ ಕಲಿಸಿದ ಲೆಕ್ಕವನ್ನೇ ಹಾಕಿ ವಿಲ್ಮೋಶ್ ಗೆದ್ದೆನೆಂದುಕೊಂಡ. ಎಣಿಕೆ ಮುಗಿದಾಗ ನಾದಶ್‌ಕೂತ್ ಊರಿಗೆ ಊರೇ ಕೈ ಕೊಟ್ಟಿತ್ತು.

ಮಾರನೆಯ ದಿನ ಅವನು ಮತ್ತೆ ಬಂದ. ಒಂದು ಮನೆಯನ್ನೂ ಬಿಡದೆ ಬಾಗಿಲು ತಟ್ಟಿ, ಟೋಪಿ ತೆಗೆದು, “ನಿಮ್ಮ ಪಾಲಿಂಕಾ ಚೆನ್ನಾಗಿತ್ತು, ಥ್ಯಾಂಕ್ಸ್ ಹೇಳೋಣ ಅಂತ ಬಂದೆ” ಎಂದ. ಕೊಂಕಿಲ್ಲದೆ ಹೇಳಿದ. ಜನ ನೆಲ ನೋಡಿದರು. ಕೊನೆಯ ಮನೆಯ ಪಿರೋಷ್ಕಾ ಮಾತ್ರ ಸೊಂಟಕ್ಕೆ ಕೈಕೊಟ್ಟು ರೇಗಿದಳು.

“ಅಲ್ಲ ಮೇಷ್ಟ್ರೆ, ಅಷ್ಟು ಓದಿ ಇಷ್ಟು ತಿಳೀಲಿಲ್ವಾ? ಈ ಊರಲ್ಲಿ ಯಾವ ಯಾವನೋ ಬಂದು ಏನೇನೋ ಕೇಳಿದಾನೆ. ಎಲ್ರಿಗೂ ಹೂಂ ಅಂದೇ ನಾವು ಉಳಿದಿರೋದು. ನಮ್ಮ ಬಾಯಿ ನೋಡ್ಬೇಡಿ, ಕೈ ನೋಡಿ.”

ಮಗಳ ಕೈ ಹಿಡಿದು ಬಸ್ಸಿಗೆ ಕಾಯುತ್ತ ವಿಲ್ಮೋಶ್ ಜೋರಾಗಿ ನಕ್ಕಿದ್ದ. “ನಮ್ಮ ಇಡೀ ವಿಭಾಗಕ್ಕೆ ಗೊತ್ತಿಲ್ಲದ ಪಾಠ ಕಣೆ ಇದು!”

ಮುಂದಿನ ಸಲ ಅವನು ಯಾರನ್ನೂ ಏನೂ ಕೇಳಲಿಲ್ಲ. ಗೆದ್ದ. ಸಣ್ಣ ಊರುಗಳ ಶಾಲೆ ಮುಚ್ಚುವ ಮಸೂದೆ ಬಂದಾಗ ತನ್ನ ಪಕ್ಷದವರ ನಡುವೆ ಒಬ್ಬನೇ ಎದ್ದು ‘ಬೇಡ’ ಎಂದ. ಮಸೂದೆ ಸ್ವಲ್ಪದರಲ್ಲೇ ಬಿತ್ತು. ಪಕ್ಷ ಅವನಿಗೆ ಇನ್ನೊಮ್ಮೆ ಟಿಕೆಟ್ ಕೊಡಲಿಲ್ಲ. ನಾದಶ್‌ಕೂತ್ ಶಾಲೆಯ ಗಂಟೆ ಈಗಲೂ ಹೊಡೆಯುತ್ತದೆ.

*

“ಸ್ವಲ್ಪ ಸರೀರಿ,” ಎಂದಿತು ಒಂದು ದನಿ.

ಬೇಲಿಯ ಕಡೆಯಿಂದ ಬಂದ ಗಡ್ಡದವನೊಬ್ಬ ನೀರಿನ ಕ್ಯಾನು ಕೆಳಗಿಟ್ಟು, ಗಾಡಿಗೆ ಭುಜ ಕೊಟ್ಟ. ಚಕ್ರ ಮೇಲೆದ್ದಿತು.

“ನೀವು...” ಎಂದಳು ಎಮೋಕೆ.

“ನಾನು ಬಂದಿಲ್ಲ. ನಮ್ಮಜ್ಜನ ಗೋರಿ ಮೇಲಿನ ಹೂಗಿಡಕ್ಕೆ ನೀರು ಹಾಕೋಕೆ ಬಂದೆ. ದಾರೀಲಿ ಗಾಡಿ ಅಡ್ಡ ಇತ್ತು, ತಳ್ಳಿದೆ. ಅಷ್ಟೇ.”

ಕ್ಯಾನು ಎತ್ತಿಕೊಂಡು ಅವನು ಹೊರಟೇಹೋದ. ದೆಝೋ ಮೀಸೆಯಡಿ ನಗುತ್ತ, “ನಡಿ ಮಗಳೆ, ಮೇಲೆ ಹೋಗೋಣ,” ಎಂದ.

ದಿಬ್ಬದ ತಿರುವು ದಾಟಿದ್ದೇ ಎಮೋಕೆ ನಿಂತುಬಿಟ್ಟಳು.

ಸ್ಮಶಾನ ತುಂಬಿತ್ತು. ಪ್ರತಿ ಗೋರಿಯ ಹತ್ತಿರವೂ ಯಾರೋ ಇದ್ದರು. ಮಳೆಯಲ್ಲಿ, ಕೊಡೆಯಿಲ್ಲದೆ, ಮಣ್ಣಿಗೆ ಹೋಗುವಾಗ ತೊಡುವ ಕಪ್ಪು ಬಟ್ಟೆ ತೊಟ್ಟು, ಊರಿಗೆ ಊರೇ ತಂತಮ್ಮ ಸತ್ತವರಿಗೆ ನೀರು ಹಾಕುತ್ತಿತ್ತು. ಯಾರೂ ಅವಳ ಕಡೆ ನೋಡಲಿಲ್ಲ. ಗಾಡಿ ಹತ್ತಿರ ಬಂದಂತೆ ಸಾಲು ಸಾಲಾಗಿ ಟೋಪಿಗಳು ಕೆಳಗಿಳಿದವು. ಗಾಡಿಯ ಮುಂದೆ ಶಿಲುಬೆ ಹಿಡಿದು ನಡೆಯುತ್ತಿದ್ದ ಪಾದ್ರಿಯ ಹೆಜ್ಜೆ ತಪ್ಪಿತು. ಸಾವರಿಸಿಕೊಂಡು ಶಿಲುಬೆಯನ್ನು ಇನ್ನಷ್ಟು ಎತ್ತರಕ್ಕೆ ಹಿಡಿದರು.

ಗೇಟಿನ ಕಡೆಯಿಂದ ಕೊರ್ನೇಲ್ ಕೊಡೆ ಹಿಡಿದು ಏದುಸಿರು ಬಿಡುತ್ತ ಬಂದ.

“ಏನಿದು ಜಾತ್ರೆ?”

ಈಗ ಬೆನ್ನು ಬಾಗಿದ ಪಿರೋಷ್ಕಾ ಗಂಡನ ಗೋರಿಯ ಹತ್ತಿರದಿಂದಲೇ ಉತ್ತರಿಸಿದಳು. “ಜಾತ್ರೆ ಎಲ್ಲಿಂದ ಬಂತಪ್ಪ? ನೀರು ಹಾಕ್ತಿದೀವಿ.”

“ಮಳೆ ಸುರೀತಿದೆಯಲ್ಲ ಅಜ್ಜಿ!”

“ಇದೇನು ಮಹಾ ಮಳೆ, ಬೇರಿಗೆ ಇಳಿಯೋದಿಲ್ಲ. ಅದಿರ್ಲಿ, ನಿಮ್ಮಮ್ಮನ ಗೋರಿ ಮೇಲಿನ ಹೂಗಳು ಬಾಡಿ ನಿಂತಿವೆ. ಆ ಶಾಲೇಲೇ ಅಲ್ವಾ ಅವಳು ಮಕ್ಕಳಿಗೆ ಅಡುಗೆ ಮಾಡ್ತಿದ್ದಿದ್ದು? ತಗೋ, ನನ್ನ ಕ್ಯಾನು ಖಾಲಿ ಇದೆ.”

ಊರೆಲ್ಲ ನೀರು ಹಾಕುತ್ತಲೇ ಕಿವಿ ಕೊಟ್ಟಿತ್ತು. ಕೊರ್ನೇಲ್ ಕೊಡೆ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡ. ಕ್ಯಾನು ತೆಗೆದುಕೊಂಡ.

ಹಗ್ಗಗಳು ಸಡಿಲಾಗುತ್ತ ಪೆಟ್ಟಿಗೆ ಗುಂಡಿಗೆ ಇಳಿಯಿತು. ಎಮೋಕೆ ಒಂದು ಹಿಡಿ ಮಣ್ಣು ತೆಗೆದು ಹಾಕಿದಳು. ಹಲಗೆಯ ಮೇಲೆ ದಬ್ಬೆಂದು ಸದ್ದಾಯಿತು. ಅದರ ಬೆನ್ನಿಗೇ ಹಿಂದಿನಿಂದ ಇನ್ನೊಂದು ಸದ್ದು, ಪಕ್ಕದಿಂದ ಮತ್ತೊಂದು, ಆಮೇಲೆ ದಿಬ್ಬದ ತುಂಬ. ಅವಳು ತಿರುಗಿದಳು. ಜನ ಬಗ್ಗಿ, ಹಿಡಿ ಹಿಡಿ ಮಣ್ಣೆತ್ತಿ, ತಂತಮ್ಮ ಗೋರಿಗಳ ಮೇಲೆ ಹಾಕುತ್ತಿದ್ದರು. ಬಾಯಿಗಳು ಮುಚ್ಚಿದ್ದವು. ಅಪ್ಪ ಈ ಊರಲ್ಲಿ ಕಲಿತ ಪಾಠದಂತೆ ಅವಳು ಕೈಗಳನ್ನು ನೋಡಿದಳು. ಎಲ್ಲ ಕೈಗಳೂ ಕೆಸರಾಗಿದ್ದವು.

ದಾರಿಯ ಕೊನೆಯ ನಲ್ಲಿಯ ಹತ್ತಿರ ಕೊರ್ನೇಲ್ ಅವಳಿಗೆ ಬೆನ್ನು ಹಾಕಿ ನಿಂತಿದ್ದ. ಒಂದು ಕೈಯಲ್ಲಿದ್ದ ಕ್ಯಾನು ತುಂಬಿ ಅವನ ಬೂಟಿನ ಮೇಲೆಲ್ಲ ನೀರು ಚೆಲ್ಲುತ್ತಿತ್ತು. ನಲ್ಲಿ ನಿಲ್ಲಿಸಲು ಇನ್ನೊಂದು ಕೈ ಬಿಡುವಾಗಿರಲಿಲ್ಲ. ಅದರ ಮುಷ್ಟಿಯಲ್ಲಿ ಮಣ್ಣಿತ್ತು.